ಶವಾಸನದ ಹೊತ್ತಿಗೆ

ಯೋಗ ತರಗತಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಸೊಂಟನೋವಿಗೆಂದು ಬರುತ್ತಿದ್ದ ದರ್ಜಿ ಹೆಂಗಸು ಚಪ್ಪಲಿ ಬಿಟ್ಟು ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಅಕ್ಕ ತಂಗಿ ಇಬ್ಬರು ಪಿಸುಗುಡುತ್ತಿದ್ದರು. ಬೇಡವೆಂದರೂ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಕೊನೆಗೆ ಶವಾಸನ ಅಂತ ಮಲಗಿಸ್ತಾರಲ್ಲ, ಆಗ ಮೆಲ್ಲಗೆ ಎದ್ದು ಹೊರಗೆ ಬಂದ್ಬಿಡು. ಟೀಚರೇ ಹೇಳಿದ್ದಾರೆ.”

“ಮೊನ್ನೆ ಅಷ್ಟು ಜೋರಾಗಿ ಅತ್ತೆನಾ, ಅಕ್ಕ?”

“ಎಲ್ರೂ ಎದ್ದು ಕೂತ್ರು ಕಣೇ.”

“ಕಣ್ಣು ಮುಚ್ಚಿದ್ರೆ ಸಾಕು, ಸತ್ತ ಮಗು ಬಂದು ಎದೆ ಮೇಲೆ ಮಲಗುತ್ತೆ. ನಾನೇನ್ ಮಾಡ್ಲಿ?”

“ಬಾಯಿಗೆ ಕೈ ಅಡ್ಡ ಇಟ್ಕೋ. ಪಾಪ, ಅವ್ರೂ ನೆಮ್ಮದಿ ಹುಡುಕ್ಕೊಂಡು ಬಂದಿರ್ತಾರೆ.”

“ಮನೇಲಿ ಅತ್ರೆ ಅತ್ತೆಗಾಗಲ್ಲ, ಇಲ್ಲಿ ಅತ್ರೆ ಇವ್ರಿಗಾಗಲ್ಲ. ಎಲ್ಲಿಗೆ ಹೋಗ್ಲಿ ಹೇಳಕ್ಕ?”

ಅಕ್ಕ ಸುತ್ತಿಟ್ಟಿದ್ದ ಚಾಪೆಗಳನ್ನು ಹತ್ತಿರಕ್ಕೆಳೆದುಕೊಂಡಳು.

ಬಾಗಿಲು ತೆರೆಯಿತು. ಜನ ಸದ್ದಿಲ್ಲದೆ ಒಬ್ಬೊಬ್ಬರಾಗಿ ಒಳಗೆ ಹೋದರು. ‘ಬಾಮ್ಮಾ, ನನ್ನ ಪಕ್ಕ ಮಲಕ್ಕೋ’ ಎಂಬ ಮಾತು ದರ್ಜಿಯ ನಾಲಿಗೆಯ ತುದಿಗೆ ಬಂದಿತ್ತು. ಅದು ಹೊರಬೀಳುವುದರೊಳಗೆ ತಂಗಿ ಚಪ್ಪಲಿ ಮೆಟ್ಟಿ ಮಹಡಿ ಇಳಿಯತೊಡಗಿದ್ದಳು. ಅಕ್ಕ ಇಬ್ಬರ ಚಾಪೆಗಳನ್ನೂ ಕಂಕುಳಲ್ಲಿ ಅವುಚಿಕೊಂಡು ಅವಳ ಹಿಂದೆಯೇ ಇಳಿದಳು.