ಹಳೆ ಪೆಡಲ್ ಕೊಡಬೇಕಿದ್ದ ಉತ್ತರ

ಎಲ್ಲರಿಗೂ ನಮಸ್ಕಾರ. ಅತ್ತಿಗೆ, ಮಗಳು, ಮನೆಯವರು — ನಿಮಗೆ ಏನು ಹೇಳಿದರೂ ಕಡಿಮೆಯೇ, ಆದರೂ ನಮಸ್ಕಾರ. ನಮ್ಮ ದುರಸ್ತಿ ಅಂಗಡಿಯ ಯಜಮಾನರಿಗೆ, ಜೊತೆಯ ಕೆಲಸಗಾರರಿಗೆ ನಮಸ್ಕಾರ. ಮತ್ತೆ — ಹಿಂದಿನ ಸಾಲುಗಳಲ್ಲಿ ಎದೆಗೆ ಹೆಸರಿನ ಚೀಟಿ ಅಂಟಿಸಿಕೊಂಡು ಕೂತಿರುವ ನಿಮಗೂ. ನೀವು ಇಷ್ಟು ಜನ ಬರುತ್ತೀರಿ ಅಂತ ನಮಗೆ ಗೊತ್ತಿರಲಿಲ್ಲ. ನಲವತ್ತು ಕುರ್ಚಿ ಹಾಕಿದ್ದೆವು. ಈಗ ನೋಡಿದರೆ ಬಾಗಿಲ ಹೊರಗೂ ನಿಂತಿದ್ದೀರಿ. ಒಳಗೆ ಬನ್ನಿ, ಆ ಗೋಡೆ ಪಕ್ಕ ಜಾಗ ಇದೆ.

ನಮ್ಮನ್ನಗಲಿದ ಸಹೋದ್ಯೋಗಿಯ ಬಗ್ಗೆ ಎರಡು ಮಾತಾಡಬೇಕೆಂದು ಯಜಮಾನರು ಅಪ್ಪಣೆ ಮಾಡಿದ್ದಾರೆ. ‘ಅವರು ನಿಷ್ಠಾವಂತರು, ಸರಳ ಸಜ್ಜನರು, ಮೃದುಭಾಷಿಗಳು’ — ಹೀಗೆ ಈ ಕಾಗದದಲ್ಲಿ ಬರೆದುಕೊಂಡು ಬಂದಿದ್ದೆ. ಇಗೋ, ಇದನ್ನು ಮಡಚಿ ಜೇಬಿಗೆ ಹಾಕುತ್ತಿದ್ದೇನೆ. ಹತ್ತೊಂಬತ್ತು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ಹೊಲಿಗೆ ಯಂತ್ರ ರಿಪೇರಿ ಮಾಡಿದವರು ನಾವು. ಅವನನ್ನು ‘ಅವರು’ ಅನ್ನಲು ನನ್ನ ನಾಲಿಗೆ ಹೊರಳುತ್ತಿಲ್ಲ. ಮೃದುಭಾಷಿಯಂತೂ ಖಂಡಿತ ಅಲ್ಲ. ನೋಡಿ, ಅತ್ತಿಗೆಯೇ ತಲೆ ಆಡಿಸುತ್ತಿದ್ದಾರೆ.

ನಿಜ ಹೇಳುತ್ತೇನೆ — ಅವನು ನನ್ನ ತಲೆ ತಿಂದಿದ್ದಾನೆ. ಏಳು ವರ್ಷ ತಿಂದಿದ್ದಾನೆ. ಅದಕ್ಕೆ ಮೊದಲಿನ ಹನ್ನೆರಡು ವರ್ಷ ನಮ್ಮ ಮೇಜು ಶಾಂತವಾಗಿತ್ತು. ಅವನ ಕಡೆ ಒಂದು ದೀಪ, ನನ್ನ ಕಡೆ ಒಂದು ದೀಪ. ನಡುವೆ ಒಂದು ಕಪ್ಪು ಕಲೆ. ನಾನು ಕೆಲಸಕ್ಕೆ ಸೇರಿದ ವಾರವೇ ಕಾದ ಕಬ್ಬಿಣ ಕೈಜಾರಿ ಬಿದ್ದು ಮರ ಸುಟ್ಟ ಗುರುತು ಅದು, ಅರ್ಧಚಂದ್ರದ ಆಕಾರ. ಆ ಕಲೆಯೇ ನಮ್ಮ ಗಡಿ. ಅದರಿಂದ ಆಚೆ ಅವನ ಸ್ಕ್ರೂಗಳು, ಈಚೆ ನನ್ನವು.

ಆಮೇಲೆ ಬಂತು ನಿಮ್ಮ ಕಟ್ಟೆ.

ಮನೆಯವರಿಗೆ, ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇವರೆಲ್ಲ ಇಂಟರ್‌ನೆಟ್ಟಿನಲ್ಲಿ ಒಂದು ಚರ್ಚಾ ವೇದಿಕೆ ನಡೆಸುತ್ತಾರೆ. ಹಳೆಯ ಹೊಲಿಗೆ ಯಂತ್ರ ಇಟ್ಟುಕೊಂಡವರು, ರಿಪೇರಿ ಮಾಡುವವರು, ಸುಮ್ಮನೆ ಅದನ್ನು ನೋಡುತ್ತಾ ಕೂರುವವರು — ಎಲ್ಲರೂ ಅಲ್ಲಿ ಸೇರುತ್ತಾರೆ. ಅವನು ಅದನ್ನು ‘ನಮ್ಮ ಕಟ್ಟೆ’ ಅನ್ನುತ್ತಿದ್ದ. ಅಲ್ಲಿ ಅವನಿಗೆ ‘ಸೂಜಿಯಣ್ಣ’ ಅಂತ ಹೆಸರು. ಆ ಹೆಸರು ಯಾಕೆ ಬಂತು ಅಂತ ನಾನು ಕೇಳಿದಾಗ, ‘ಹಾಗೇ ಬಂತಪ್ಪ, ನಿನಗ್ಯಾಕೆ’ ಅಂದಿದ್ದ.

ಯಾಕೆ ಬಂತು ಅಂತ ನಾನೇ ಪತ್ತೆ ಮಾಡಿದೆ. ಏಳು ವರ್ಷದ ಹಿಂದೆ ಒಂದು ಯಂತ್ರ ಬಂದಿತ್ತು. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಇವನು ಮೂರು ದಿನ ಅದನ್ನು ಬಿಚ್ಚಿದ, ಕೂಡಿಸಿದ, ಮತ್ತೆ ಬಿಚ್ಚಿದ. ಎದುರಿಗೇ ಕೂತಿದ್ದೆ ನಾನು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮನೆಗೆ ಹೋಗಿ ಮಗಳ ಹತ್ತಿರ ಟೈಪ್ ಮಾಡಿಸಿ, ಎಲ್ಲಿಂದಲೋ ಹುಡುಕಿ, ಈ ಕಟ್ಟೆಯಲ್ಲಿ ಪ್ರಶ್ನೆ ಹಾಕಿದ. ಹತ್ತು ಜನ ಹತ್ತು ದೊಡ್ಡ ದೊಡ್ಡ ಕಾರಣ ಹೇಳಿದರು. ಹನ್ನೊಂದನೆಯವರು ಹೊಲಿಗೆ ಕಲಿಸುವ ಒಬ್ಬ ಟೀಚರ್. ಅವರು ಒಂದೇ ಸಾಲು ಬರೆದರು: ‘ಸೂಜಿ ಹಿಂದುಮುಂದಾಗಿ ಹಾಕಿಲ್ಲ ತಾನೇ?’

ಹಾಕಿದ್ದ. ಸೂಜಿಯ ಚಪ್ಪಟೆ ಬದಿ ಯಾವ ಕಡೆ ಇರಬೇಕು ಅನ್ನುವುದು ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಯುವ ಪಾಠ. ಅದರಲ್ಲೇ ತಪ್ಪಿ, ಮೂರು ದಿನ ಇಡೀ ಯಂತ್ರದ ಕರುಳು ಹೊರಗೆ ಹಾಕಿದ್ದ. ನನ್ನ ಹತ್ತಿರ ‘ಶಟಲ್ ಸವೆದಿತ್ತು’ ಅಂತ ಸುಳ್ಳು ಹೇಳಿದ. ಯಾಕೆ ಹೇಳಿದ ಅಂದರೆ — ನಾನು ನಗುತ್ತಿದ್ದೆ. ಒಂದು ತಿಂಗಳು ನಗುತ್ತಿದ್ದೆ. ಬಂದ ಗಿರಾಕಿಗಳನ್ನು ಕೂರಿಸಿಕೊಂಡು ಹೇಳುತ್ತಿದ್ದೆ. ಕಟ್ಟೆಯಲ್ಲಿ ಯಾರೂ ನಗಲಿಲ್ಲ. ‘ನನಗೂ ಹೀಗೇ ಆಗಿತ್ತು’ ಅಂತ ಹದಿನಾಲ್ಕು ಜನ ಬರೆದರು. ಅಲ್ಲಿಗೆ ಮುಗಿಯಿತು. ಆಸಾಮಿ ನಮ್ಮ ಕೈ ತಪ್ಪಿದ.

ಆಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ. ಒಂದು ಸ್ಕ್ರೂ ಬಿಚ್ಚಿದರೆ ಅದಕ್ಕೊಂದು ಫೋಟೋ. ಆ ಸ್ಕ್ರೂ ಇದ್ದ ತೂತಿಗೊಂದು ಫೋಟೋ. ‘ಸ್ವಲ್ಪ ದೀಪ ಈ ಕಡೆ ತಿರುಗಿಸೋ, ನೆರಳು ಬೀಳ್ತಿದೆ.’ ಗಿರಾಕಿ ಕೌಂಟರಿನಲ್ಲಿ ನಿಂತು ಕೆಮ್ಮುತ್ತಿದ್ದರೆ ಇವನು ಯಾರಿಗೋ ಬೆಲ್ಟು ಬಿಗಿ ಮಾಡುವುದನ್ನು ಹೇಳಿಕೊಡುತ್ತಿದ್ದ. ಎಲ್ಲೋ, ಮುಖವನ್ನೇ ನೋಡದ ಒಬ್ಬರ ಯಂತ್ರ ಕಿರ್ ಅಂದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ಊಟದ ಡಬ್ಬಿ ತೆಗೆದು ನನಗೆ ಓದಿ ಹೇಳುತ್ತಿದ್ದ. ‘ಕೇಳಿಲ್ಲಿ, ಗುಂಡಿ ಡಬ್ಬಿ ಏನು ಬರೆದಿದಾರೆ.’ ಗುಂಡಿ ಡಬ್ಬಿ ಅಂದರೆ ಒಬ್ಬರ ಹೆಸರು. ಬಂದಿದ್ದೀರಾ, ಗುಂಡಿ ಡಬ್ಬಿಯವರೇ? — ಓ, ಅಲ್ಲಿದ್ದೀರಿ. ಕ್ಷಮಿಸಿ, ನಾನು ನಿಮ್ಮನ್ನು ಹೆಂಗಸು ಅಂದುಕೊಂಡಿದ್ದೆ.

ಎರಡು ವರ್ಷ ಸಹಿಸಿಕೊಂಡೆ. ಆಮೇಲೆ ಒಂದು ದಿನ, ಎಣ್ಣೆ ಎಷ್ಟು ಹಾಕಬೇಕು ಅಂತ ಯಾರೋ ಕೇಳಿದ್ದಕ್ಕೆ ಇವನು ‘ಪ್ರತಿ ತೂತಿಗೆ ಎರಡು ತೊಟ್ಟು’ ಅಂತ ಬರೆದ. ಎರಡು ತೊಟ್ಟು. ನಾನು ಹತ್ತೊಂಬತ್ತು ವರ್ಷ ಬಡಿದುಕೊಂಡಿದ್ದೇನೆ, ಒಂದೇ ತೊಟ್ಟು ಸಾಕು, ಎರಡು ಹಾಕಿದರೆ ಧೂಳು ಹಿಡಿದು ಗಂಜಿ ಆಗುತ್ತದೆ ಅಂತ. ನನ್ನ ಮಾತು ಕಿವಿಗೆ ಬೀಳಲಿಲ್ಲ, ಸರಿ. ಈಗ ಊರಿಗೆಲ್ಲ ಹೇಳಿಕೊಡಲು ಹೊರಟ. ತಡೆಯಲಾಗಲಿಲ್ಲ. ಬಸ್ ನಿಲ್ದಾಣದಲ್ಲಿ ನಿಂತು ನಾನೂ ಕಟ್ಟೆ ಸೇರಿದೆ. ಹೆಸರು ಕೇಳಿತು. ಬಾಯಿಗೆ ಬಂದದ್ದು ಕೊಟ್ಟೆ —

‘ಹಳೆ ಪೆಡಲ್.’

ಹೌದು. ಹಿಂದೆ ಗುಸುಗುಸು ಬೇಡ. ಹಳೆ ಪೆಡಲ್ ನಾನೇ. ಐದು ವರ್ಷ ನಿಮ್ಮ ಸೂಜಿಯಣ್ಣನ ಜೊತೆ ದಿನಾ ಜಗಳ ಆಡಿದವನು, ನಿಮ್ಮಲ್ಲಿ ಅರ್ಧ ಜನರಿಗೆ ಬೇಕಾದವನು, ಅರ್ಧ ಜನರಿಗೆ ತಲೆನೋವು ಆದವನು, ನಾನೇ. ಅತ್ತಿಗೆ, ನಿಮ್ಮ ಮುಂದೆ ಇದನ್ನು ಹೇಳಲು ನನಗೆ ನಾಚಿಕೆ ಆಗುತ್ತಿದೆ. ಆದರೂ ಪೂರ್ತಿ ಹೇಳುತ್ತೇನೆ, ಕೇಳಿ.

ನಾನು ಹೋದದ್ದು ಅವನ ಒಂದು ತಪ್ಪು ಹಿಡಿದು ವಾಪಸ್ ಬರಲು. ಒಂದೇ ಒಂದು ಉತ್ತರ ಬರೆದು ಬಿಟ್ಟುಬಿಡುವುದು ಅಂತ. ಬರೆದೆ. ಯಾರೋ ‘ತುಂಬಾ ಉಪಕಾರವಾಯಿತು’ ಅಂದರು. ಇನ್ನೊಬ್ಬರು ಬೇರೆ ಏನೋ ಕೇಳಿದರು. ನನಗೆ ಗೊತ್ತಿತ್ತು, ಹೇಳಿದೆ. ಒಬ್ಬ ಹೆಣ್ಣುಮಗಳು, ಹದಿನೈದು ವರ್ಷ ಮೂಲೆಯಲ್ಲಿದ್ದ ಯಂತ್ರಕ್ಕೆ ನಾನು ಹೇಳಿದ ಹಾಗೆ ಮಾಡಿ, ‘ಅಮ್ಮನ ಯಂತ್ರ ಇವತ್ತು ಮತ್ತೆ ಓಡಿತು’ ಅಂತ ಬರೆದಳು. ಅದನ್ನು ನಾಲ್ಕು ಸಲ ಓದಿದೆ. ಮನೆಯಲ್ಲಿ ಹೆಂಡತಿಗೂ ಓದಿ ಹೇಳಿದೆ. ಅವಳು ಒಗೆದ ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಿ, ‘ಏನ್ರೀ ಇದು, ನಿಮ್ಮೆದುರು ಕೂರೋರ ಹಾಗೇ ಆಡ್ತಿದೀರಲ್ಲ’ ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದದ್ದು ಅವಳು ಹೇಳಿದ್ದು ನಿಜ ಅಂತಲೇ.

ಬೆಳಿಗ್ಗೆ ಅಂಗಡಿಗೆ ಬಂದರೆ ಅವನು ಚೀಲ ಇಡುವ ಮೊದಲೇ ಶುರು. ‘ಆ ಹಳೆ ಪೆಡಲ್ ಅನ್ನೋ ಕತ್ತೆ ಏನು ಬರೆದಿದೆ ನೋಡಿದ್ಯಾ?’

‘ಏನಂತೆ?’ ಅನ್ನುತ್ತಿದ್ದೆ ನಾನು.

‘ಒಂದೇ ತೊಟ್ಟಂತೆ. ಜನ್ಮದಲ್ಲಿ ಯಂತ್ರ ಮುಟ್ಟಿರಲ್ಲ ಆ ಪ್ರಾಣಿ.’

‘ಇರಬಹುದು.’

‘ಇರಬಹುದು ಏನು, ಹೌದು ಅನ್ನು.’

‘ಹೌದು.’ — ಹೀಗೆ ಐದು ವರ್ಷ, ಮುಖದ ಎದುರಿಗೇ ಕತ್ತೆ ಅನ್ನಿಸಿಕೊಂಡು, ತಲೆಯನ್ನೂ ಆಡಿಸಿದ್ದೇನೆ.

ಎರಡು ವರ್ಷದ ಹಿಂದೆ ಒಂದು ಎಡವಟ್ಟು ಮಾಡಿದೆ. ಅವನು ಊಟಕ್ಕೆ ಹೋಗಿದ್ದಾಗ, ಎಣ್ಣೆ ಹೆಚ್ಚಾಗಿ ಮಣ್ಣು ಹಿಡಿದ ಒಂದು ಬಾಬಿನ್ ಡಬ್ಬಿಯನ್ನು ಮೇಜಿನ ಮೇಲಿಟ್ಟು ಫೋಟೋ ತೆಗೆದು ಕಟ್ಟೆಗೆ ಹಾಕಿದೆ. ಹಾಕಿದ ಮೇಲೆ ನೋಡುತ್ತೇನೆ, ಪಕ್ಕದಲ್ಲೇ ನಮ್ಮ ಅರ್ಧಚಂದ್ರದ ಕಲೆ. ಅವನ ನೂರು ಫೋಟೋಗಳಲ್ಲಿ ನೀವೆಲ್ಲ ನೋಡಿದ ಅದೇ ಕಲೆ. ಹತ್ತು ನಿಮಿಷದಲ್ಲಿ ಫೋಟೋ ಅಳಿಸಿದೆ. ಯಾರೂ ನೋಡಿಲ್ಲ ಅಂದುಕೊಂಡೆ.

ಮಾರನೆಯ ದಿನ ಅವನು ಒಂದು ರಬ್ಬರ್ ಹಾಳೆ ತಂದ. ಅಂಗೈ ಅಗಲಕ್ಕೆ ಕತ್ತರಿಸಿ ಆ ಕಲೆಯ ಮೇಲೆ ಅಂಟಿಸಿದ.

‘ಇದ್ಯಾಕೆ ಈಗ?’ ಅಂದೆ.

‘ಎಣ್ಣೆ ಚೆಲ್ಲುತ್ತೆ.’

‘ಎರಡೆರಡು ತೊಟ್ಟು ಹಾಕಿದ್ರೆ ಚೆಲ್ಲದೆ ಇನ್ನೇನು ಮಾಡುತ್ತೆ?’

ನಕ್ಕ. ಅಷ್ಟೊಂದು ನಗುವ ಮಾತು ನಾನೇನೂ ಆಡಿರಲಿಲ್ಲ.

ಈಗ — ಸ್ವಲ್ಪ ನೀರು ಕೊಡಿ. — ಈಗ ನಾನು ಹೇಳಲೇಬೇಕಾದದ್ದಕ್ಕೆ ಬರುತ್ತೇನೆ.

ಅವನು ಹೋಗುವ ಹತ್ತು ದಿನದ ಮೊದಲು ಕಟ್ಟೆಯಲ್ಲಿ ಒಂದು ಪ್ರಶ್ನೆ ಹಾಕಿದ. ನೀವೆಲ್ಲ ಓದಿದ್ದೀರಿ. ‘ನಾಲ್ಕು ತಿಂಗಳಿಂದ ಬಲಗೈ ನಡುಗುತ್ತಿದೆ. ಡಾಕ್ಟರಿಗೆ ತೋರಿಸಿದ್ದೇನೆ, ಆ ಮಾತು ಬಿಡಿ. ಶಟಲ್ ಟೈಮಿಂಗ್ ಕೂಡಿಸಲು ಆಗುತ್ತಿಲ್ಲ. ಏನಾದರೂ ಉಪಾಯ ಇದೆಯೇ? ಹಳೆ ಪೆಡಲ್ ಅವರಿಗೆ ಗೊತ್ತಿರುತ್ತದೆ. ಅವರೇ ಹೇಳಲಿ.’

ಮನೆಯವರಿಗೆ ಬಿಡಿಸಿ ಹೇಳುತ್ತೇನೆ. ಸೂಜಿ ಕೆಳಗಿಳಿದು, ಕೂದಲೆಳೆಯಷ್ಟು ಮೇಲೆದ್ದಾಗ, ಕೆಳಗಿರುವ ಶಟಲ್ಲಿನ ಕೊಕ್ಕೆ ಬಂದು ದಾರ ಹಿಡಿಯಬೇಕು. ಅದೇ ಟೈಮಿಂಗ್. ಒಂದು ಕೈಯಲ್ಲಿ ಕೊಕ್ಕೆ ಅಲುಗದ ಹಾಗೆ ಹಿಡಿದು, ಇನ್ನೊಂದರಲ್ಲಿ ಸ್ಕ್ರೂ ಬಿಗಿ ಮಾಡಬೇಕು. ಕೈ ನಡುಗಿದರೆ ಆ ಕೆಲಸ ಹೋಯಿತು. ನಮ್ಮ ಕಸುಬಿನಲ್ಲಿ ಆ ಕೆಲಸ ಹೋದರೆ, ಉಳಿಯುವುದು ಧೂಳು ಒರೆಸುವುದೊಂದೇ.

ನಾಲ್ಕು ತಿಂಗಳು. ಎರಡಡಿ ದೂರದಲ್ಲಿ ಕೂತಿದ್ದ ನಾನು ಆ ಕೈಯನ್ನು ನೋಡಿರಲಿಲ್ಲ. ತಲೆ ಬಗ್ಗಿಸಿ ಫೋನಿನಲ್ಲಿ ಅವನು ಏನು ಬರೆದಿದ್ದಾನೆ ಅಂತ ಓದುತ್ತಿದ್ದೆ. ಅತ್ತಿಗೆ, ನಿಮಗೆ ಗೊತ್ತಿತ್ತು. ನನಗೆ ಹೇಳಬೇಡ ಅಂದಿದ್ದನಂತೆ.

ನಾನು ಉತ್ತರ ಕೊಡಲಿಲ್ಲ. ಮೊದಲ ಮೂರು ದಿನ, ನಿಜ ಹೇಳಬೇಕು, ಮುನಿಸು. ಹಿಂದಿನ ವಾರ ‘ಪುಸ್ತಕ ಓದಿ ರಿಪೇರಿ ಕಲಿತವನು’ ಅಂತ ನನ್ನನ್ನು ಎಲ್ಲರ ಮುಂದೆ ಅಂದಿದ್ದ. ಆಮೇಲೆ ಹೆದರಿಕೆ. ಬರೆಯುವುದು, ಅಳಿಸುವುದು. ಹಳೆ ಪೆಡಲ್ ಆಗಿ ಏನು ಹೇಳಲಿ? ಮೇಜಿನವನಾಗಿ ಕೇಳೋಣ ಅಂದರೆ, ನನಗೆ ಹೇಗೆ ಗೊತ್ತಾಯಿತು ಅನ್ನಲಿ? ಎದುರಿಗೆ ಕೂತವನು ದಿನಾ ಫೋನ್ ನೋಡಿ, ಬೋರಲು ಹಾಕಿ ಇಡುತ್ತಿದ್ದ.

‘ಏನಾದರೂ ಬಂತಾ?’ ಅಂತ ಕೇಳಿದ್ದೇನೆ ನಾನು. ನಾನೇ ಕೇಳಿದ್ದೇನೆ.

‘ಇಲ್ಲ. ಆ ಹಳೆ ಪೆಡಲ್ ಬಾಯಿಗೆ ಬೀಗ ಹಾಕಿಕೊಂಡು ಕೂತಿದಾನೆ.’

‘ಏನೋ ಕೆಲಸ ಇರಬೇಕು. ಬರೀತಾನೆ ಬಿಡು.’

ನನ್ನ ಮುಖ ನೋಡಿದ. ‘ಬರೀತಾನೆ ಅಂತೀಯಾ?’ ಅಂದ. ಒಂಬತ್ತು ದಿನ ಹೀಗೆ ಹೋಯಿತು. ಹತ್ತನೆಯ ದಿನ ಬೆಳಿಗ್ಗೆ ಅಂಗಡಿಗೆ ಮಗಳ ಫೋನ್ ಬಂತು.

ಇಲ್ಲಿಯವರೆಗಿನದ್ದನ್ನು ನನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು, ಆ ಕಾಗದ ಓದಿ ಇಳಿದುಬಿಡಬೇಕು ಅಂತಲೇ ಬಂದಿದ್ದೆ. ಅರ್ಧ ಗಂಟೆ ಹಿಂದೆ ಈ ಮೆಟ್ಟಿಲ ಮೇಲೆ ಒಬ್ಬ ವಯಸ್ಸಾದ ಹೆಂಗಸು ನನ್ನ ತೋಳು ಹಿಡಿದು ನಿಲ್ಲಿಸಿದರು. ‘ನೀವೇ ಅಲ್ವಾ ಹಳೆ ಪೆಡಲ್?’ ಅಂದರು. ಸೂಜಿ ಕೇಳಿದ್ದ ಟೀಚರ್. ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಎರಡು ವರ್ಷದ ಹಿಂದೆ ನನ್ನ ಫೋಟೋವನ್ನು ಇಬ್ಬರು ನೋಡಿದ್ದರಂತೆ. ಒಬ್ಬರು ಇವರು. ಇನ್ನೊಬ್ಬ ಅವನು. ಇವರು ಆ ಕಲೆಯ ಬಗ್ಗೆ ಕೇಳಿದ್ದಕ್ಕೆ ಅವತ್ತೇ ಅವನು ಖಾಸಗಿಯಾಗಿ ಬರೆದಿದ್ದ ಉತ್ತರವನ್ನು ಫೋನ್ ತೆಗೆದು ತೋರಿಸಿದರು. ಹಾಗೇ ಹೇಳುತ್ತೇನೆ: ‘ಟೀಚರ್, ಆ ಕಲೆ ನೋಡಿದ್ದು ಯಾರಿಗೂ ಹೇಳಬೇಡಿ. ನಮ್ಮ ಮೇಜಿನವನೇ. ಗೊತ್ತಾಯ್ತು ಅಂತ ತಿಳಿದರೆ ನಾಚಿಕೊಂಡು ಕಟ್ಟೆ ಬಿಟ್ಟು ಹೋಗ್ತಾನೆ. ಅವನು ಹೋದರೆ ನನಗೆ ಬೇಜಾರಾಗುತ್ತೆ.’

ಗೊತ್ತಿತ್ತು. ಎರಡು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ನನ್ನ ಮುಖದೆದುರು ಕತ್ತೆ ಅಂದ, ನನ್ನ ಬಾಯಿಂದಲೇ ‘ಹೌದು’ ಅನ್ನಿಸಿದ, ಮನಸ್ಸಿನಲ್ಲೇ ಎಷ್ಟು ನಕ್ಕನೋ. ನನ್ನ ಗುಟ್ಟು ಬಯಲಾಗಬಾರದು ಅಂತ ಕಲೆಯ ಮೇಲೆ ರಬ್ಬರ್ ಅಂಟಿಸಿದ. ಎಂಥ ಮನುಷ್ಯನಪ್ಪ ಇವನು. ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ? ಮೇಜಿನ ಆಚೆಯಿಂದ ಈಚೆಗೆ ಹೇಳಲಾಗದ್ದನ್ನು ಊರೆಲ್ಲ ಸುತ್ತಿಸಿ, ಇಷ್ಟು ಜನರ ನಡುವೆ ಹಾಯಿಸಿ, ನನಗೆ ಕೇಳಿದ. ಆ ಪ್ರಶ್ನೆ ಯಾವನೋ ಕಾಣದವನಿಗೆ ಕೇಳಿದ್ದಲ್ಲ. ನನ್ನ ಹೆಸರು ಹಿಡಿದೇ ಕೇಳಿದ್ದ. ನಾನು ನಗುವುದಿಲ್ಲ ಅಂತ ಈ ಸಲ ನಂಬಿ ಕೇಳಿದ್ದ. ನಾನು ಸುಮ್ಮನಿದ್ದೆ.

ಉತ್ತರ ಏನು ಗೊತ್ತೇ? ಟೈಮಿಂಗ್ ಕೂಡಿಸಲು ಎರಡು ಕೈ ಬೇಕು, ಎರಡೂ ಒಬ್ಬನವೇ ಆಗಬೇಕು ಅಂತ ಏನೂ ಇಲ್ಲ. ಒಬ್ಬ ಕೊಕ್ಕೆ ಹಿಡಿದರೆ ಇನ್ನೊಬ್ಬ ಸ್ಕ್ರೂ ಬಿಗಿ ಮಾಡಬಹುದು. ಅಷ್ಟೇ. ಒಂದು ಸಾಲು. ಈಗ ಹೇಳುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ —

ಸೂಜಿಯಣ್ಣ, ಯಂತ್ರವನ್ನು ಈ ಕಡೆ ತಳ್ಳು. ನಾನು ಹಿಡಿದುಕೊಳ್ತೀನಿ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಬಾಗಿಲ ಹತ್ತಿರ ಇರುವವರು ಫೋನ್ ಬಂದ್ ಮಾಡಿ. ಎರಡು ನಿಮಿಷ ಮೌನ ಆಚರಿಸೋಣ. ಸುಮ್ಮನಿರುವುದು ನನಗೇನೂ ಹೊಸದಲ್ಲ, ಒಂಬತ್ತು ದಿನ ಒಬ್ಬನೇ ಇದ್ದು ಬಂದಿದ್ದೇನೆ. ಈ ಎರಡು ನಿಮಿಷ, ನೀವೆಲ್ಲ ಜೊತೆಗಿರಿ.