ಮೆಟ್ಟಿಲಿಲ್ಲದ ದಡ

ಇಲ್ಲ, ನಾನು ಸುಮ್ಮನಿರೋದಿಲ್ಲ. ಅತ್ತೆಯಾದವಳು ಅಳಿಯನ ಎದುರು ಇಷ್ಟು ಗಂಟಲು ಮಾಡಬಾರದು ಅಂತ ನನಗೂ ಗೊತ್ತು. ಕೂತ್ಕೊಳ್ಳಿ ನೀವು. ಮಗಳಿಗೆ ಈಗ ತಾನೆ ಕಣ್ಣು ಹತ್ತಿದೆ, ಶಾಮಲಾ ಎದ್ದ ಮೇಲೆ ಒಳಗೆ ಹೋಗಿ ಮಾತಾಡಿಸುವಿರಂತೆ. ಭದ್ರಾವತಿಯಿಂದ ಬಸ್ಸಲ್ಲಿ ಕುಲುಕಿಕೊಂಡು ಬಂದಿದ್ದೀರಿ, ಮಜ್ಜಿಗೆ ಕುಡೀರಿ. ಕುಡೀತಾ ಹೇಳಿ. ಆ ಕೆರೆ ದಡಕ್ಕೆ ಮೆಟ್ಟಿಲು ಯಾಕೆ ಇಡಿಸಲಿಲ್ಲ ನೀವು?

ಮತ್ತೆ ಎಸ್ಟಿಮೇಟಾ? ಎಸ್ಟಿಮೇಟಿನಲ್ಲಿ ಮೆಟ್ಟಿಲು ಇರಲಿಲ್ಲ... ಹೌದು, ಆಗಲೂ ಹೀಗೇ ಅಂದಿರಿ. ಅದನ್ನ ಬರೆದೋರು ಯಾರಾದ್ರೂ ಒಂದು ದಿನ ಸೊಂಟದ ಮೇಲೆ ಕೊಡ ಹೊತ್ತಿದ್ದಾರಾ? ಮುಖ ಯಾಕೆ ಆ ಕಡೆ ತಿರುಗಿಸ್ತೀರಿ? ಇತ್ತ ನೋಡಿ.

ದಡ ಕುಸೀತಾ ಇತ್ತು, ಒಪ್ತೀನಿ. ಮಳೆಗೆ ನಾಗಯ್ಯನ ಹಿತ್ತಿಲ ಗೋಡೆ ಕೆರೆ ಪಾಲಾಯ್ತು, ಇನ್ನೊಂದು ಮಳೆಗಾಲ ಬಿಟ್ಟಿದ್ರೆ ನಮ್ಮ ಬೀದೀನೇ ಇರ್ತಿರಲಿಲ್ಲ. ನೀವು ಬಂದಿರಿ, ಹೂಳೆತ್ತಿಸಿದಿರಿ, ದಡಕ್ಕೆ ಓರೆಯಾಗಿ ಕಲ್ಲು ಹಾಸಿಸಿದಿರಿ, ಸಂದಿಗೆಲ್ಲ ಸಿಮೆಂಟು ಮೆತ್ತಿಸಿ ನುಣ್ಣಗೆ ಮಾಡಿದಿರಿ. ದೊಡ್ಡ ಸಾಹೇಬರು ಬಂದು ಭೇಷ್ ಅಂದ್ರು. ಗಾಜನೂರು ಅಣೆಕಟ್ಟಿನಲ್ಲಿ ಕೆಲಸ ಕಲಿತೋರು ಅಂದ್ರೆ ಹೀಗಿರಬೇಕು ಅಂದ್ರಂತೆ. ನಿಮ್ಮ ಮಾವ ಗಾಂಧಿ ಬಜಾರಿನ ಅಂಗಡೀಲಿ ಬಟ್ಟೆ ಅಳೆಯೋದು ಬಿಟ್ಟು ಬಂದೋರಿಗೆಲ್ಲ ಅದನ್ನೇ ಹೇಳಿದ್ದು. ನಾನೇನು ಕಡಿಮೆಯಾ? ಓವರ್ಸಿಯರ್ ಹಾಲಸ್ವಾಮಿಯವರು ನಮ್ಮ ಅಳಿಯಂದಿರು ಅಂತ ಬೀದಿ ತುಂಬ ಹೇಳಿಕೊಂಡು ಓಡಾಡಿದೆ. ಹಾಳಾದ್ದು ಹೆಮ್ಮೆ.

ಆದ್ರೆ ಹಳೇ ಮೆಟ್ಟಿಲನ್ನ ಕೀಳಿಸಿದಿರಲ್ಲ! ಅದರ ಬುಡದಲ್ಲೇ ನೀರು ಕೊರೀತಾ ಇದೆ, ತೆಗೀಲೇಬೇಕು ಅಂದಿರಿ. ಸರಿ, ತೆಗೀರಿ. ಬೇರೆ ಕಡೆ ಕಟ್ಟಿಕೊಡಬೇಕಲ್ವಾ? ಪಕ್ಕದ ಮನೆ ತುಂಗಮ್ಮ ನಾಲ್ಕು ಹೆಂಗಸರನ್ನ ಕರ್ಕೊಂಡು ಬಂದು ಇದೇ ಜಗಲಿ ಮೇಲೆ ನಿಮ್ಮನ್ನ ಕೇಳಿದಳು. ಮುಂದಿನ ವರ್ಷ ಬೀದಿಗೆ ನಲ್ಲಿ ಬರುತ್ತೆ, ಆಮೇಲೆ ಕೆರೆಗೆ ಯಾರು ಇಳೀತಾರೆ ಅಂದಿರಿ. ಎಲ್ಲಿ ನಲ್ಲಿ? ತೋರಿಸಿ ನನಗೆ. ನಾನಾದ್ರೂ ಅವತ್ತು ಅವಳ ಪರ ನಿಲ್ಲಬೇಕಿತ್ತು. ಅಳಿಯಂದಿರ ಮಾನ ನೋಡಿಕೊಂಡು, ಸುಮ್ನಿರು ಮಾರಾಯ್ತಿ ಅಂತ ಅವಳ ಬಾಯೇ ಮುಚ್ಚಿಸಿದೆ.

ಬಾಣಂತಿಯರು ಗಂಗೆ ಪೂಜೆಗೆ ಬರ್ತಾರೆ. ಅರಿಶಿನ ಕುಂಕುಮ ಇಟ್ಟು, ಕೊಡ ತುಂಬಿಸಿಕೊಂಡು ಹೋಗ್ತಾರೆ. ಎಲ್ಲಿ ಇಳೀಬೇಕು ಅವರು? ಹೇಳಿ, ಎಲ್ಲಿ... ಬಿಡಿ. ಈ ಸಲ ನಮ್ಮ ಮನೆಯಿಂದ ಯಾರೂ ಗಂಗೆ ಪೂಜೆಗೆ ಹೋಗೋ ಹಾಗಿಲ್ಲ.

ಅಯ್ಯೋ, ಅಳಬೇಡಿ. ಅಳೋದೆಲ್ಲ ಅತ್ತಾಯ್ತು ಈ ಮನೇಲಿ. ಅವಳು ಬಚ್ಚಲಲ್ಲಿ ಜಾರಿದ್ದಕ್ಕೂ ನಿಮ್ಮ ದಡಕ್ಕೂ ಏನು ಸಂಬಂಧ? ಹೇಳಿ ಕಳಿಸಿದ್ವಲ್ಲ, ಬಚ್ಚಲಲ್ಲಿ ಪಾಚಿ ಕಟ್ಟಿತ್ತು, ಜಾರಿದಳು, ಏಳು ತಿಂಗಳ ಕೂಸು ಉಳೀಲಿಲ್ಲ. ಬಚ್ಚಲು ಉಜ್ಜಿಸದೆ ಇದ್ದದ್ದು ನಮ್ಮ ತಪ್ಪು. ಅಷ್ಟೇ.

ನಾನು ಹೇಳ್ತಾ ಇರೋದು ದಡದ ಮಾತು. ನೀರು ಮುಟ್ಟೋ ಕಡೆ ನಿಮ್ಮ ಕಲ್ಲಿಗೆಲ್ಲ ಪಾಚಿ ಹಿಡಿದು, ಕಾಲಿಟ್ಟರೆ ಎಣ್ಣೆ ಸುರಿದ ಹಾಗೆ. ಹೆಂಗಸರು ಬೈದ್ರು. ಬೈಯದೆ ಇನ್ನೇನು ಮಾಡ್ತಾರೆ? ಕಟ್ಟಿದೋನ ಕೈ ಸೇದಿಹೋಗ ಅಂದಳಂತೆ ಒಬ್ಬಳು. ಅಲ್ಲೇ ನಿಂತಿದ್ದ ಹುಡುಗಿಗೆ ತಡೀಲಿಲ್ಲ. ಅವರನ್ನ ಬೈಬೇಡಿ, ನಿಮ್ಮ ಮನೆಗಳು ಉಳೀಲಿ ಅಂತ ಕಟ್ಟಿದ್ದು, ಇಳಿಯೋಕೆ ಬಾರದೋರು ಮಾತಾಡ್ತೀರಿ ಅಂದಳು. ಇಂಥಾ ಹೊತ್ತಲ್ಲಿ ಬೇಡ ಕಣೇ ಅಂತ ತುಂಗಮ್ಮ ಕೈ ಹಿಡಿದಳಂತೆ. ಕೊಡವಿಕೊಂಡು ಇಳಿದೇಬಿಟ್ಟಳು. ಕೊಡ ತುಂಬಿಸಿದಳು. ನೋಡಿದ್ರಾ, ಏನಾಯ್ತು ಅಂತ ತಿರುಗಿ ನಕ್ಕಳಂತೆ. ಹತ್ತುವಾಗ...

ಯಾವ ಹುಡುಗಿ ಅಂದ್ರೆ? ಯಾರೋ ಒಬ್ಬಳು. ಬೀದೀಲಿ ಹುಡುಗೀರಿಗೇನು ಬರವಾ?

ಮಜ್ಜಿಗೆ ಹಾಗೇ ಇದೆ. ಏನು ನೋಡ್ತಾ ಇದ್ದೀರಿ ಆ ಮೂಲೇಲಿ? ಕೊಡಾನಾ? ಅದು ಮೊದಲಿಂದಲೂ ಜಜ್ಜಿಹೋಗಿತ್ತು. ಹಳೇ ಕೊಡ. ಇಲ್ಲ... ಹಳೇದಲ್ಲ. ಸೀಮಂತಕ್ಕೆ ನಿಮ್ಮ ತಾಯಿ ಕೊಟ್ಟದ್ದೇ. ನೀವೇ ಅಂಗಡೀಲಿ ನಿಂತು ಆರಿಸಿದ್ದಂತೆ, ಅವಳು ಹೇಳಿದ್ದಳು. ಬಚ್ಚಲ ಹಂಡೆಗೆ ನೀರು ಹೊಯ್ಯೋಕೆ ಅಂತ ಅದನ್ನ...

ಹಾಗೆ ನೋಡಬೇಡಿ ನನ್ನ.

ಹೇಳಬೇಡ ಅಂತ ನನ್ನ ಕೈ ಬಿಗಿಯಾಗಿ ಹಿಡ್ಕೊಂಡಿದ್ದಳು. ಆ ನೋವಿನಲ್ಲೂ ಅದೊಂದೇ ಮಾತು. ಬಚ್ಚಲು ಅಂತ ಹೇಳಮ್ಮ, ದಡ ಅಂತ ಗೊತ್ತಾದ್ರೆ ಅವರು ಇನ್ನು ಯಾವ ಊರಲ್ಲೂ ಒಂದು ಕಲ್ಲು ಇಡಿಸೋದಿಲ್ಲ ಅಂದಳು. ಆಣೆ ಹಾಕಿಸಿಕೊಂಡಳು. ನನ್ನ ಹೊಟ್ಟೆ ಉರಿ ತಡೀಲಿಲ್ಲ, ನಾನೇನು ಮಾಡಲಿ?

ಎಲ್ಲಿಗೆ ಎದ್ದಿರಿ? ಕೆರೆಗಾ? ಕೆರೆ ಎಲ್ಲಿಗೂ ಹೋಗಲ್ಲ. ಮೆಟ್ಟಿಲು ನಾಳೆ ಕಟ್ಟಿಸುವಿರಂತೆ, ಎಸ್ಟಿಮೇಟು ಇರಲಿ ಬಿಡಲಿ. ಬಳೆ ಸದ್ದು ಕೇಳಿಸ್ತಾ? ಎಚ್ಚರ ಆಗಿದೆ ಅವಳಿಗೆ. ಕಣ್ಣೊರೆಸಿಕೊಳ್ಳಿ. ಅವಳು ಬಚ್ಚಲು ಅಂತಾಳೆ, ನೀವೂ ಹೂಂ ಅನ್ನಿ. ಈಗ ಬಾಗಿಲ ಹತ್ರ ನಿಂತು, ಬಚ್ಚಲು ಯಾಕೆ ಉಜ್ಜಿಸಲಿಲ್ಲ ಅಂತ ನನ್ನನ್ನ ಬೈರಿ. ಅವಳಿಗೆ ಕೇಳೋ ಹಾಗೆ ಬೈರಿ.