ಹಗ್ಗ ಇಳಿಬಿಡ್ರಿ, ಮಾವಾ

ಚಿಂಚೋಳಿಯಿಂದ ಚಂದ್ರಂಪಳ್ಳಿಗೆ ಹೋಗುವ ದಾರಿಯಲ್ಲಿ, ಕೆಂಪು ಮಣ್ಣಿನ ದಿಬ್ಬದ ಮೇಲೆ ಹಣಮಂತರಾಯರ ದ್ರಾಕ್ಷಿ ತೋಟ. ತೋಟದ ನಡುವೆ ಆ ಮನೆತನದವರು ವೈನು ಮಾಡುವ ಕಲ್ಲಿನ ಕೊಠಡಿ. ಮಾರ್ಚಿನ ಅಕಾಲದ ಮಳೆ ಸಂಜೆಗೇ ಹಿಡಿದುಕೊಂಡಿತ್ತು. ಹಣ್ಣು ಬಿಡಿಸಲು ಆಡಕಿ ಎಂಬ ಊರಿನಿಂದ ಅಂದೇ ಬಂದಿದ್ದ ಹೆಂಗಸರು ಬುಟ್ಟಿಗಳನ್ನು ಬೋರಲು ಹಾಕಿ, ಪೀಪಾಯಿಗಳಿಗೆ ಒರಗಿ ಕುಳಿತಿದ್ದರು. ಅವರಲ್ಲೊಬ್ಬಳು, ಶಿವರಂಜನಿ, ಎದ್ದು ಹಿಂದಿನ ಬಾಗಿಲು ನೂಕಲು ಹೋದಾಗ ಲಾಲಮ್ಮ ಅವಳ ಸೆರಗು ಹಿಡಿದಳು. ಇಪ್ಪತ್ತು ವರ್ಷದಿಂದ ಆ ಕೊಠಡಿಯಲ್ಲಿ ದುಡಿಯುತ್ತಿದ್ದ ಮುದುಕಿ ಅವಳು.

"ಆ ಕಡಿ ಹೋಗಬ್ಯಾಡವ್ವ. ಬಾ, ಇಲ್ಲಿ ಕುಂದ್ರು. ಹ್ಯಾಂಗೂ ನಾಳಿಗಿ ನಿಮಗ ಕೇಳಸೂದೇ ಅದ... ಅದಕ್ಕಿಂತ ನನ್ನ ಬಾಯಿಂದ ಕೇಳ್ರಿ.

"ಆ ಬಾಗಿಲ ಹಿಂದ ಒಂದು ತೊಟ್ಟಿ ಅದ. ಮೊದಲ ಜ್ವಾಳ ತುಂಬೂ ಹಗೇವು ಇತ್ತದು, ಮೂರಾಳು ಆಳ. ನಮ್ಮ ಸಾವ್ಕಾರ್ರು ಹಣಮಂತರಾಯರು ಶಹಾಬಾದ ಫರಸಿ ಕಲ್ಲು ತರಿಸಿ, ಸುತ್ತ ಕೂಡಿಸಿ, ಅದರಾಗೇ ದ್ರಾಕ್ಷಿ ರಸ ಹುಳಿ ಬರಸ್ತಿದ್ರು. ಸೊಸಿ ಚಂದ್ರಕಲಾ... ಅಂಥಾ ಸೊಸಿ ಯಾರಿಗಿ ಸಿಗ್ತಾಳ ಹೇಳ್ರಿ? ನಾಲಿಗಿ ಮ್ಯಾಲ ಹನಿ ಇಟ್ಟು, ಯಾವ ಸಾಲಿನ ಹಣ್ಣಂತ ಹೇಳಾಕಿ. ಒಂದು ವರ್ಷ ವೈನು ಪೀಪಾಯಿಗಿ ತುಂಬಿದ ಮ್ಯಾಲ, ತಳದ ಗಸಿ ಬಳೀಲಿಕ್ಕ ಅಕಿ ಹಗ್ಗ ಹಿಡ್ಕೊಂಡು ತೊಟ್ಯಾಗ ಇಳದಳು. ಅದೇ ಹಗ್ಗಕ್ಕ ಕಟ್ಟಿದ ಗಸಿ ಬಕೀಟ ಮ್ಯಾಲ ಜಗ್ಗಿ, ಹಗ್ಗ ಮತ್ತ ಇಳಿಬಿಡೂದು ಮಾವನ ಕೆಲಸ. ಒಳಗ ವಿಷದ ಗಾಳಿ ನಿಂತಿತ್ತು... ನಾವು ಓಡಿ ಬರೂದರಾಗ ಮುಗದಿತ್ತು. 'ಅಕಿ ಕೂಗಲೇ ಇಲ್ಲ' ಅಂತ ಸಾವ್ಕಾರ್ರು ಎದಿ ಎದಿ ಬಡಕೊಂಡು ಅತ್ತ್ರು. ಎಲ್ಲಾರೂ ನಂಬಿದಿವಿ.

"ಆ ವರ್ಷದ ಪೀಪಾಯಿ ಎಂಟು ವರ್ಷ ಯಾರೂ ಮುಟ್ಟಲಿಲ್ಲ. ಒಂದು ಆಯಿತಾರ ಚಿಂಚೋಳಿ ಸಾಲಿ ಟೀಚರ್ ಸುಜಾತಾ, ಚಂದ್ರಂಪಳ್ಳಿ ಡ್ಯಾಂ ನೋಡಲಿಕ್ಕ ಹೊಂಟಾಕಿ, ದ್ರಾಕ್ಷಿ ವಾಸನಿಗಿ ಸ್ಕೂಟಿ ಇತ್ತ ತಿರುವಿದಳು. 'ನಮ್ಮೂರ ಬಾಜೂಕೇ ವೈನು ಮಾಡ್ತಾರಂತ ಗೊತ್ತೇ ಇರಲಿಲ್ಲರಿ!' ಅಂತ ಒಂದೊಂದು ಪೀಪಾಯಿ ಮುಟ್ಟಿ ಮುಟ್ಟಿ ನೋಡಿದಳು. ಅಣ್ಣಗ ಒಯ್ಲಿಕ್ಕ ಹಳೀ ಕೆಂಪು ವೈನು ಒಂದು ಬಾಟ್ಲಿ ಬೇಕಂದಳು. ಸಾವ್ಕಾರ್ರಿಗಿ ಅವತ್ತ ಏನನಸ್ತೋ... ಆ ಪೀಪಾಯಿದೇ ಎರಡು ಗ್ಲಾಸಿಗಿ ಹಾಕಿ, ಒಂದು ಅಕಿಗಿ ಕೊಟ್ಟು, 'ಜರಾ ರುಚಿ ನೋಡ್ರಿ ಟೀಚರಮ್ಮ. ಏನನಸ್ತದ, ಖರೇ ಹೇಳ್ರಿ' ಅಂದ್ರು.

"ಮೊದಲ ಗುಟಕಿಗಿ ನೇರಳಿ ಹಣ್ಣಿನ ರುಚಿ, ಮಳಿ ಬಿದ್ದ ಕಲ್ಲಿನ ವಾಸನಿ, ಕಡೀಕ ಜರಾ ಒಗರು. 'ಭಾಳ ಛಲೋ ಅದರಿ' ಅಂದಳು. ಎರಡನೇ ಗುಟಕಿಗಿ ಎದಿ ಹಿಡಕೊಂಡಳು. ಎಷ್ಟು ಉಸುರು ಎಳದ್ರೂ ಒಳಗ ಏನೂ ಬರಲಿಲ್ಲಂತ, ಆಮ್ಯಾಲ ನನಗ ಹೇಳಿದಳು. ಹಂಗೇ ತೇಕ್ಕೋತ ಕೇಳಿದಳು: 'ಕೆಳಗ ಯಾರದಾರ್ರಿ? ಹಗ್ಗ ಇಳಿಬಿಡ್ರಿ ಮಾವಾ, ಅಂತ ಕೂಗಲಿಕತ್ತಾಳ... ಮ್ಯಾಲಿಂದ ಯಾರೋ, ತಡಿಯವ್ವ, ಫೋನ್ ಬಂದದ, ಅಂದ್ರಲ್ಲ?'

"ಸಾವ್ಕಾರ್ರ ಕೈಯಾನ ಗ್ಲಾಸು ಬಿತ್ತು."

ತಗಡಿನ ಮೇಲೆ ಮಳೆ ಜೋರಾಯಿತು. ಲಾಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಇಷ್ಟು ಹೇಳಿದ ಮೇಲೆ ನಿಲ್ಲಿಸುವಂತಿರಲಿಲ್ಲ.

"ಅಂದ್ರ ಅಕಿ ಖರೇನೇ ಕೂಗಿದ್ಳಾ, ಆಯಿ?" ಶಿವರಂಜನಿ ಕೇಳಿದಳು.

"ಕೂಗಿದ್ಳವ್ವ. ಸಾವ್ಕಾರ್ರು ಫೋನಿನಾಗ ಇದ್ರು. ಆ ಒಂದು ಮಾತು ಎಂಟು ವರ್ಷ ಹೊಟ್ಯಾಗ ಇಟ್ಕೊಂಡು ಉಂಡಿದ್ರು, ಮಲಗಿದ್ರು. ಅವತ್ತ ಓಡಿ ಹೋಗಿ, ಖಾಲಿ ತೊಟ್ಟಿಗಿ ಹಗ್ಗ ಇಳಿಬಿಟ್ರು... ಹಗ್ಗ ಬಿಗೀತು. ಮನಷ್ಯಾರ ಭಾರ ನನ್ನ ಕೈಗಿ ಗೊತ್ತಾಗೂದಿಲ್ಲೇನು? ಅವರು, ಟೀಚರ್, ನಾನು, ಮೂರೂ ಮಂದಿ ಜಗ್ಗಿದಿವಿ. ಬಳಿ ಫರಸಿಗಿ ತಾಕೂದು ಕೇಳಸ್ತು, ತೇಕೂದು ಕೇಳಸ್ತು, ಇನ್ನ ಒಂದೇ ಮಳ ಅನ್ನೂದರಾಗ... ಹಗ್ಗ ಹಗರಾತು. ಮತ್ತ ಇಳಿಬಿಟ್ಟಿವಿ. ಮತ್ತ ಅಷ್ಟಕ್ಕೇ ಬಂದು ಜಾರಿದಳು. ಅಂಗೈ ಕಿತ್ತು ಬರೂ ತನಕ ಜಗ್ಗಿದಿವಿ. ಟೀಚರ್ ಅಂಗಳದಾಗ ಕುಂತು, 'ಕೇಳಸಲಿಕತ್ತದ, ನಾ ಏನು ಮಾಡ್ಲಿ?' ಅಂತ ಅತ್ತಳು. ಈಗೂ ಸುಗ್ಗಿಗೊಮ್ಮ ಫೋನ್ ಮಾಡ್ತಾಳ. 'ಬಂದಳೇನು?' ಅಂತ ಅಷ್ಟೇ ಕೇಳಿ ಇಟ್ಟುಬಿಡ್ತಾಳ.

"ಮುಂದಿನ ವರ್ಷ, ತೊಟ್ಯಾನ ವೈನು ತಗದ ದಿನ, ಸಾವ್ಕಾರ್ರು ತಮ್ಮ ಸೊಂಟಕ್ಕ ಹಗ್ಗ ಕಟ್ಕೊಂಡು ಇಳದ್ರು. ಕಾಲು ಹಿಡದೆ, ಬ್ಯಾಡಂದೆ. ಕೇಳ್ತಾರೇನು? ತುದಿ ನನ್ನ ಕೈಯಾಗ ಕೊಟ್ರು. 'ಜಗ್ಗು ಲಾಲಮ್ಮ' ಅಂತ ಕೂಗಿದ ಕೂಡ್ಲೇ ಜಗ್ಗಿದೆ... ಖಾಲಿ ಹಗ್ಗ ಬಂತು. ತಮ್ಮ ಗಂಟು ಬಿಚ್ಚಿ, ಬ್ಯಾರೆ ಕುಣಿಕಿ ಹಾಕಿದ್ರು. ಸಣ್ಣ ಕುಣಿಕಿ ಅದು. ಹೆಣ್ಮಗಳ ಸೊಂಟದ ಅಳತಿ."

ಲಾಲಮ್ಮ ಬಾಗಿಲ ಕಡೆ ನೋಡದೆಯೇ ಮುಂದುವರಿಸಿದಳು.

"ಮರುದಿನ ಹೆಣ ತಗದ್ರು. ಅವರ ಮಗ, ಚಂದ್ರಕಲಾನ ಗಂಡ, ತೊಟ್ಟಿ ಮುಚ್ಚಸ್ತೀನಿ ಅಂತ ಮಣ್ಣು ತರಿಸಿದ. ಕೆಳಗಿಂದ ಕರದದ್ದು ಕೇಳಿ, ಬುಟ್ಟಿ ಎತ್ತಲಿಕ್ಕ ಅವಗ ಕೈ ಬರಲಿಲ್ಲ. ಬರ್ತದೇನು, ನೀವೇ ಹೇಳ್ರಿ? ಈಗ ಹಗ್ಗ ಇಳಿಬಿಟ್ರ ಎರಡು ಭಾರ ಬರ್ತದ. ಹ್ವಾದ ವರ್ಷ ಐದು ಮಂದಿ ಜಗ್ಗಿದಿವಿ, ಅರ್ಧಕ್ಕ ಸೈತ ಬರಲಿಲ್ಲ... ತಂಗೇರಾ, ಈ ತೋಟದ ಹಣ್ಣು ಬಿಡಸಲಿಕ್ಕ ನಾಕು ಮಂದಿ ಸಾಕು. ಹದಿನೈದು ಮಂದಿನ್ನ ನಾ ಯಾಕ ಕರಸೀನಿ ಅಂತ ಮಾಡೀರಿ?"